ಬಿಲ್ಲಿಗೆ ಗದ್ದಲ, ಗುತ್ತಿಗೆಗೆ ಮೌನ

2025ರ ಏಪ್ರಿಲ್‌ನಲ್ಲಿ ಬೆಂಗಳೂರು ಜಲಮಂಡಳಿ 2014ರ ನಂತರ ಮೊದಲ ಬಾರಿಗೆ ನೀರಿನ ದರ ಏರಿಸಿತು. ತಿಂಗಳಿಗೆ ಎಂಟು ಸಾವಿರ ಲೀಟರ್‌ ಒಳಗೆ ಬಳಸುವ ಮನೆಗಳಿಗೆ ಲೀಟರಿಗೆ 0.15 ಪೈಸೆ ಹೆಚ್ಚಳ, ಐವತ್ತು ಸಾವಿರ ಲೀಟರ್ ದಾಟಿದವರಿಗೆ ಒಂದು ಪೈಸೆ. ಟೀವಿಯಲ್ಲಿ, ಚಹಾದಂಗಡಿಯಲ್ಲಿ, ಅಪಾರ್ಟ್‌ಮೆಂಟ್ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಮಾತಾಯಿತು. ಅದಕ್ಕೂ ಮುಂಚೆ, 2020ರ ಅಕ್ಟೋಬರ್ 31ರಂದು, ಮಂಗಳೂರು ವಿಮಾನ ನಿಲ್ದಾಣ 50 ವರ್ಷದ ಗುತ್ತಿಗೆಗೆ ಅದಾನಿ ಸಮೂಹದ ಕೈಸೇರಿತ್ತು. ಅಲ್ಲಲ್ಲಿ ಪ್ರತಿಭಟನೆ ನಡೆದದ್ದು ನಿಜ. ಆದರೆ ಕರಾರಿನಲ್ಲಿ ಏನು ಬರೆದಿದೆ ಎಂದು ಕೇಳಿದವರು ಕಡಿಮೆ.

ನೀರಿನ ದರ ಹೆಚ್ಚಾಯಿತೆಂದರೆ ಮುಂದಿನ ವರ್ಷ ಇಳಿಸಬಹುದು, ಸ್ಲ್ಯಾಬ್ ತಿದ್ದಬಹುದು. ಐವತ್ತು ವರ್ಷದ ಗುತ್ತಿಗೆಗೆ ಅಂಥ ಸಲೀಸು ತಿದ್ದುಪಡಿ ಇಲ್ಲ. ತಿದ್ದಬಹುದಾದ ತೀರ್ಮಾನಕ್ಕೆ ಗಂಟಲು ಹರಿದುಕೊಂಡು, ತಿದ್ದಲಾಗದ್ದಕ್ಕೆ ಸುಮ್ಮನಿರುವುದು ನಮ್ಮ ನಗರಾಡಳಿತದ ರೂಢಿ. ಈ ರೂಢಿಯನ್ನೇ ವಿಮರ್ಶೆಗೆ ಒಡ್ಡಬೇಕಾಗಿದೆ.

ಮೊದಲು ನೀರು. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪು ಮಾಡಿ, ಸುಮಾರು 500 ಮೀಟರ್ ಮೇಲಕ್ಕೆತ್ತಿ ಬೆಂಗಳೂರಿಗೆ ತರಬೇಕು. ವಿದ್ಯುತ್ ದರ ಏರಿದಾಗಲೆಲ್ಲ ನೀರಿನ ವೆಚ್ಚವೂ ಏರುತ್ತದೆ. ಆದರೂ ಸರ್ಕಾರ ಯಾವ ಪಕ್ಷದ್ದಿರಲಿ, ನಲ್ಲಿಯ ದರ ಮುಟ್ಟುವ ಧೈರ್ಯ ಮಾಡಲಿಲ್ಲ. ಇದನ್ನು ಜನಪರ ಎನ್ನುವವರು 2024ರ ಬೇಸಿಗೆಯನ್ನು ನೆನೆಯಬೇಕು. ಕೊಳವೆಬಾವಿಗಳು ಬತ್ತಿದಾಗ ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಕಟ್ಟಿತು: ಐದು ಕಿ.ಮೀ. ಒಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ ನೂರು. ಅದೇ ಹೊತ್ತಿಗೆ ಕಾವೇರಿ ನಲ್ಲಿಯಿದ್ದ ಮನೆ ಮೊದಲ ಸ್ಲ್ಯಾಬ್‌ನಲ್ಲಿ ಸಾವಿರ ಲೀಟರಿಗೆ ಕೊಡುತ್ತಿದ್ದದ್ದು ಏಳು ರೂಪಾಯಿ. ಅಗ್ಗದ ನೀರು ಸಿಕ್ಕಿದ್ದು ಪೈಪು ಇದ್ದವರಿಗೆ. ಹೊರವಲಯದ 110 ಹಳ್ಳಿಗಳ ಜನ ಕಾವೇರಿ ಐದನೇ ಹಂತಕ್ಕಾಗಿ 2024ರ ಅಕ್ಟೋಬರ್‌ವರೆಗೆ ಕಾದರು. ದರ ಏರಿಸದೆ ಕೂತದ್ದೂ ಒಂದು ತೀರ್ಮಾನವೇ. ಮಂಡಳಿಯ ಬೊಕ್ಕಸ ಬರಿದಾದಷ್ಟೂ ಪೈಪು ಹಾಕುವ ಕೆಲಸ ಹಿಂದೆ ಬಿತ್ತು, ಅದರ ಬೆಲೆ ತೆತ್ತವರು ಟ್ಯಾಂಕರ್ ಕಾಯುತ್ತಿದ್ದವರು.

ಹಾಗಾಗಿ ಏರಿಕೆ ತಪ್ಪಲ್ಲ. ಹೆಚ್ಚು ಬಳಸಿದವರು ಹೆಚ್ಚು ಕೊಡಲಿ ಎಂಬ ಸ್ಲ್ಯಾಬ್ ಪದ್ಧತಿಯೂ ನ್ಯಾಯವಾದದ್ದೇ. ತಪ್ಪಿರುವುದು ತೀರ್ಮಾನ ಮಾಡಿದ ಬಗೆಯಲ್ಲಿ. ವಿದ್ಯುತ್ ದರ ಏರಿಸಬೇಕಾದರೆ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಲೆಕ್ಕವಿಟ್ಟು, ಸಾರ್ವಜನಿಕ ವಿಚಾರಣೆಯಲ್ಲಿ ಗ್ರಾಹಕರ ಆಕ್ಷೇಪ ಕೇಳಬೇಕು. ನೀರಿಗೆ ಅಂಥ ಆಯೋಗವಿಲ್ಲ. 1964ರ ಜಲಮಂಡಳಿ ಕಾಯ್ದೆಯ ಪ್ರಕಾರ ಮಂಡಳಿ ಪ್ರಸ್ತಾವ ಇಡುತ್ತದೆ, ಸರ್ಕಾರ ಒಪ್ಪುತ್ತದೆ, ಅಷ್ಟೇ. ಸಂವಿಧಾನದ 74ನೇ ತಿದ್ದುಪಡಿ ನೀರು ಸರಬರಾಜನ್ನು ನಗರ ಸಂಸ್ಥೆಗಳ ಕೆಲಸಗಳ ಪಟ್ಟಿಗೆ ಸೇರಿಸಿ ಮೂರು ದಶಕ ಕಳೆದಿದೆ. ಆದರೆ 2025ರಲ್ಲಿ ದರ ಏರಿದಾಗ ಬೆಂಗಳೂರಿಗೆ ಚುನಾಯಿತ ಪಾಲಿಕೆಯೇ ಇರಲಿಲ್ಲ, 2020ರ ಸೆಪ್ಟೆಂಬರ್‌ನಲ್ಲೇ ಅದರ ಅವಧಿ ಮುಗಿದಿತ್ತು. ಬಿಲ್ಲು ಹಿಡಿದು ಪ್ರಶ್ನೆ ಕೇಳಲು ವಾರ್ಡಿನಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ಇನ್ನು ವಿಮಾನ ನಿಲ್ದಾಣ. 2019ರಲ್ಲಿ ಮಂಗಳೂರು ಸೇರಿ ಆರು ನಿಲ್ದಾಣಗಳ ಹರಾಜಿಗೆ ಇದ್ದ ಮಾನದಂಡ ಒಂದೇ: ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಯಾರು ಹೆಚ್ಚು ಕೊಡುತ್ತಾರೆ? ಮಂಗಳೂರಿಗೆ ಅದಾನಿ 115 ರೂಪಾಯಿ ಕೂಗಿತು, ಎರಡನೆಯದಾದ ಕೊಚ್ಚಿ ವಿಮಾನ ನಿಲ್ದಾಣ ಕಂಪನಿಯದು 45. ಹರಾಜಿನ ಲೆಕ್ಕದಲ್ಲಿ ಇದು ಒಳ್ಳೆಯ ಬೆಲೆ ಎಂದು ಒಪ್ಪೋಣ. ಆದರೆ ಆ ಹಣ ಹೋಗುವುದು ದೆಹಲಿಗೆ. ನಿಲ್ದಾಣವಿರುವ ಬಜ್ಪೆ, ಕೆಂಜಾರಿನ ಸ್ಥಳೀಯ ಸಂಸ್ಥೆಗಳಿಗಾಗಲಿ ಮಂಗಳೂರು ಪಾಲಿಕೆಗಾಗಲಿ ಅದರಲ್ಲಿ ಪಾಲಿಲ್ಲ, ತೀರ್ಮಾನದಲ್ಲಿ ಮಾತೂ ಇರಲಿಲ್ಲ. ಒಬ್ಬನೇ ಬಿಡ್‌ದಾರನಿಗೆ ಎರಡಕ್ಕಿಂತ ಹೆಚ್ಚು ನಿಲ್ದಾಣ ಬೇಡ ಎಂದು ಕೇಂದ್ರದ ಆರ್ಥಿಕ ವ್ಯವಹಾರಗಳ ಇಲಾಖೆಯೇ ಟಿಪ್ಪಣಿ ಬರೆದಿತ್ತು. ಅದನ್ನು ಬದಿಗಿಟ್ಟು ಆರಕ್ಕೆ ಆರನ್ನೂ ಒಬ್ಬರಿಗೇ ಕೊಡಲಾಯಿತು. 2023ರಲ್ಲಿ ಮಂಗಳೂರಿನಿಂದ ಹೊರಡುವ ದೇಶೀಯ ಪ್ರಯಾಣಿಕರ ಬಳಕೆದಾರರ ಶುಲ್ಕ 150ರಿಂದ 560 ರೂಪಾಯಿಗೆ ಜಿಗಿಯಿತು. ಬಂದಿಳಿಯುವವರಿಂದಲೂ ವಸೂಲಿ ಶುರುವಾಯಿತು. ನಿಲ್ದಾಣದ ಫಲಕದಲ್ಲಿ ಅದಾನಿ ಹೆಸರು ಬಂದಾಗ ಆಕ್ಷೇಪ ಎದ್ದಿತು, 2021ರಲ್ಲಿ ಹಳೆಯ ಹೆಸರು ಮರಳಿತು. ಊರಿಗೆ ದಕ್ಕಿದ ಗೆಲುವು ಫಲಕದ ಮಟ್ಟದ್ದು, ಕರಾರು ಮಾತ್ರ 2070ರ ತನಕ ನಡೆಯುತ್ತದೆ.

ಪಕ್ಕದ ಕೇರಳ ಇಷ್ಟು ಸುಲಭಕ್ಕೆ ಬಿಡಲಿಲ್ಲ. ಅದೇ ಹರಾಜಿನಲ್ಲಿ ತಿರುವನಂತಪುರಕ್ಕೆ ರಾಜ್ಯದ ಸಂಸ್ಥೆಯೇ 135 ರೂಪಾಯಿಗೆ ಬಿಡ್ ಹಾಕಿತು. ಅದಾನಿಯ 168ರ ಮುಂದೆ ಸೋತ ಮೇಲೂ ವಿಧಾನಸಭೆ ಒಮ್ಮತದ ನಿರ್ಣಯ ಮಾಡಿತು, ಸರ್ಕಾರ ಹೈಕೋರ್ಟಿಗೆ ಹೋಯಿತು. ಅಲ್ಲೂ ಸೋತಿತು. ಆದರೆ ಆಕ್ಷೇಪವೇನು ಎಂಬುದು ಕಡತದಲ್ಲಿ ಉಳಿಯಿತು. ಕರ್ನಾಟಕದ ಕಡತದಲ್ಲಿ ಅಂಥ ನಿರ್ಣಯವಿಲ್ಲ. ದೂರದ ಕರಾರು ಹೇಗೆ ಕೈ ಕಟ್ಟುತ್ತದೆಂದು ತಿಳಿಯದ ರಾಜ್ಯವೇನೂ ನಮ್ಮದಲ್ಲ. 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬೇಡವೆಂಬ, 2004ರ ದೇವನಹಳ್ಳಿ ವಿಮಾನ ನಿಲ್ದಾಣ ಒಪ್ಪಂದದ ಷರತ್ತಿನ ದೆಸೆಯಿಂದ ಬೆಂಗಳೂರಿನ ಎರಡನೇ ನಿಲ್ದಾಣದ ಮಾತು ಇಂದಿಗೂ 2033ರ ಗೆರೆಯ ಬಳಿ ಬಂದು ನಿಲ್ಲುತ್ತದೆ.

ಹಾಗಾದರೆ ಅಧಿಕಾರವನ್ನೆಲ್ಲ ಪಾಲಿಕೆಗೆ ಕೊಟ್ಟರೆ ಸರಿಹೋದೀತೇ? ಶಿಕಾಗೋ ಹೌದೆನ್ನಲು ಬಿಡುವುದಿಲ್ಲ. ಅಲ್ಲಿ ವಿಮಾನ ನಿಲ್ದಾಣವೂ ಪಾರ್ಕಿಂಗ್ ಮೀಟರೂ ನಗರದ್ದೇ ಆಸ್ತಿ. 2008ರ ಡಿಸೆಂಬರ್‌ನಲ್ಲಿ ಮೇಯರ್ ರಿಚರ್ಡ್ ಡೇಲಿ ಮೀಟರುಗಳನ್ನು 75 ವರ್ಷಕ್ಕೆ, 115 ಕೋಟಿ ಡಾಲರಿಗೆ ಕೊಡುವ ಪ್ರಸ್ತಾವ ತಂದರು. ಎರಡೇ ದಿನದಲ್ಲಿ ನಗರ ಸಭೆ 40–5 ಮತಗಳಿಂದ ಒಪ್ಪಿತು. ಕನಿಷ್ಠ 97 ಕೋಟಿ ಡಾಲರ್ ಕಡಿಮೆಗೆ ಮಾರಿದ್ದೀರಿ ಎಂದು ನಗರದ ಇನ್‌ಸ್ಪೆಕ್ಟರ್ ಜನರಲ್ ಮರುವರ್ಷ ವರದಿ ಕೊಟ್ಟರು. ಮೀಟರ್ ದರ ಏರಿತು, ಜನ ಸಿಟ್ಟಾದರು, ಪ್ರಯೋಜನವಾಗಲಿಲ್ಲ. ಪೆಟ್ಟು ತಿಂದ ನಗರ ಪಾಠವನ್ನೂ ಕಲಿಯಿತು. 2013ರಲ್ಲಿ ಮಿಡ್‌ವೇ ವಿಮಾನ ನಿಲ್ದಾಣದ ಗುತ್ತಿಗೆ ಮತ್ತೆ ಚರ್ಚೆಗೆ ಬಂದಾಗ ಅವಧಿ 40 ವರ್ಷ ಮೀರಬಾರದು ಎಂಬ ಮಿತಿ ಹಾಕಿ, ಪರಿಶೀಲನೆಗೆ ಸಲಹಾ ಸಮಿತಿ ಕೂರಿಸಿತು. ಕಣದಲ್ಲಿ ಒಬ್ಬನೇ ಬಿಡ್‌ದಾರ ಉಳಿದಾಗ ಮೇಯರ್ ರಾಮ್ ಇಮ್ಯಾನ್ಯುಯೆಲ್ ಪ್ರಸ್ತಾವವನ್ನೇ ಕೈಬಿಟ್ಟರು.

ಯಾರು ತೀರ್ಮಾನಿಸಿದರು ಎಂಬುದರ ಜತೆಗೆ ಎಷ್ಟು ಕಾಲಾವಕಾಶ ಕೊಟ್ಟು, ಯಾವ ಲೆಕ್ಕ ತೋರಿಸಿ ತೀರ್ಮಾನಿಸಿದರು ಎಂಬುದನ್ನೂ ಅಳೆಯಬೇಕು. ಈ ಅಳತೆಯಲ್ಲಿ ಮಂಗಳೂರಿನ ಗುತ್ತಿಗೆ ಪಾಸಾಗುವುದಿಲ್ಲ. ಬೆಂಗಳೂರಿನ ದರ ಏರಿಕೆ ಅರ್ಧ ಅಂಕದಲ್ಲಿ ನಿಲ್ಲುತ್ತದೆ. ಕರಾರಿನ ಕನ್ನಡ ಸಾರಾಂಶವನ್ನು ಸಹಿಗೆ ಮುಂಚೆ ಪ್ರಕಟಿಸಿ ಆಕ್ಷೇಪಕ್ಕೆ ಮೂರು ತಿಂಗಳು ಕೊಡುವುದು, ಹತ್ತು ವರ್ಷಕ್ಕೊಮ್ಮೆ ಷರತ್ತುಗಳ ಮರುಪರಿಶೀಲನೆ ನಡೆಸುವುದು ದೊಡ್ಡ ಕ್ರಾಂತಿಯೇನಲ್ಲ.

ಹೊಸ ಪರೀಕ್ಷೆಯೂ ಬಾಗಿಲಿಗೇ ಬಂದಿದೆ. ಜಲಮಂಡಳಿಯ 2025ರ ಆದೇಶದಂತೆ ಪ್ರತಿ ಏಪ್ರಿಲ್‌ನಲ್ಲಿ ದರ ಶೇ 3ರಷ್ಟು ತಾನಾಗಿಯೇ ಏರುತ್ತದೆ. ಹತ್ತು ವರ್ಷ ಮಲಗಿ ಒಮ್ಮೆಲೇ ಏಳುವುದಕ್ಕಿಂತ ಇದು ಮೇಲು, ಸರಿ. ಆದರೆ ಸೋರಿಕೆ ಎಷ್ಟು ಕಡಿಮೆಯಾಯಿತು, ಎಷ್ಟು ಬಡಾವಣೆಗೆ ಹೊಸದಾಗಿ ಪೈಪು ಹೋಯಿತು ಎಂಬ ಲೆಕ್ಕ ಅದೇ ಏಪ್ರಿಲ್‌ನಲ್ಲಿ ಜನರ ಮುಂದೆ ಬಾರದಿದ್ದರೆ ನೀರಿನ ದರವೂ ಯಾರೂ ಪ್ರಶ್ನಿಸದ ಇನ್ನೊಂದು ಗುತ್ತಿಗೆಯಾದೀತು.