ಏಳು ಆವೃತ್ತಿ, ಕಾರಣ ಒಂದಕ್ಕೂ ಇಲ್ಲ

1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರುಮಾಡಿದ ಆರ್ಕೈವ್ ಎಂಬ ಪ್ರಿಪ್ರಿಂಟ್ (ಪತ್ರಿಕೆಯಲ್ಲಿ ಅಚ್ಚಾಗುವ ಮೊದಲಿನ ಪ್ರಬಂಧ) ಭಂಡಾರದಿಂದ ವಿಜ್ಞಾನಕ್ಕಾದ ಉಪಕಾರ ಎಲ್ಲರಿಗೂ ಗೊತ್ತು. ನನ್ನ ತಕರಾರು ಅದಕ್ಕೆ ಸಲ್ಲುತ್ತಿರುವ ಒಂದು ಹೊಗಳಿಕೆಯ ಮೇಲೆ. ಪ್ರಬಂಧವನ್ನು ಎಷ್ಟು ಸಲ ತಿದ್ದಿದರೂ ಹಳೆಯ ಆವೃತ್ತಿಗಳು ಅಲ್ಲೇ ಉಳಿಯುತ್ತವೆ, ಆದ್ದರಿಂದ ಅದು ಪಾರದರ್ಶಕತೆಗೆ ಮಾದರಿ ಎನ್ನುತ್ತಾರೆ. ಉಳಿಯುತ್ತವೆ, ನಿಜ. ನಾನು ಒಪ್ಪದಿರುವುದು ಆ ‘ಆದ್ದರಿಂದ’ವನ್ನು.

ಅಲ್ಲಿನ ಅತಿ ಪ್ರಸಿದ್ಧ ಪ್ರಬಂಧಗಳಲ್ಲೊಂದನ್ನೇ ನೋಡಿ: ಸಂಖ್ಯೆ 1706.03762, ‘ಅಟೆನ್ಶನ್ ಈಸ್ ಆಲ್ ಯು ನೀಡ್’. ಇವತ್ತಿನ ಚಾಟ್‌ಬಾಟ್‌ಗಳ ಬೆನ್ನೆಲುಬಾದ ಟ್ರಾನ್ಸ್‌ಫಾರ್ಮರ್ ವಿನ್ಯಾಸ ಬಂದದ್ದು ಇದರಿಂದ. ಪುಟದ ಬುಡದಲ್ಲಿ ಸಲ್ಲಿಕೆಯ ಚರಿತ್ರೆಯೆಂಬ ಪಟ್ಟಿಯಿದೆ. ಮೊದಲನೆಯದು 2017ರ ಜೂನ್ 12, ಐದನೆಯದು ಅದೇ ವರ್ಷದ ಡಿಸೆಂಬರ್ 6. ಆಮೇಲೆ ಐದೂವರೆ ವರ್ಷ ಸದ್ದಿಲ್ಲ. 2023ರ ಜುಲೈ 24ಕ್ಕೆ ದಿಢೀರನೆ ಆರನೆಯದು, ಆಗಸ್ಟ್ 2ಕ್ಕೆ ಏಳನೆಯದು. ಪ್ರತಿ ಸಾಲಿನಲ್ಲೂ ದಿನಾಂಕ, ಗಂಟೆ, ಫೈಲಿನ ಗಾತ್ರ. ಯಾಕೆ ತಿದ್ದಿದರು? ಟಿಪ್ಪಣಿಯ ಜಾಗದಲ್ಲಿ ಇರುವುದು ‘15 ಪುಟ, 5 ಚಿತ್ರ’, ಅಷ್ಟೇ. ಏಳನೆಯದನ್ನು ತೆರೆದರೆ ಶೀರ್ಷಿಕೆಗೂ ಮೇಲೆ ಒಂದು ಹೊಸ ವಾಕ್ಯ: ಪತ್ರಿಕಾ ಮತ್ತು ವಿದ್ವತ್ ಬರಹಗಳಲ್ಲಿ ಇದರ ಕೋಷ್ಟಕ, ಚಿತ್ರಗಳನ್ನು ಬಳಸಲು ಗೂಗಲ್ ಅನುಮತಿ ಕೊಟ್ಟಿದೆಯಂತೆ. ಬದಲಾದದ್ದು ಇಷ್ಟೇಯೋ, ಒಳಗೆ ಯಾವುದಾದರೂ ಅಂಕಿಯೂ ಬದಲಾಗಿದೆಯೋ? ಪಟ್ಟಿ ಬಾಯಿ ಬಿಡುವುದಿಲ್ಲ. ಹಳೆಯದು, ಹೊಸದು ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಬೇಕಾದವನು ಓದುಗ.

ಇದಕ್ಕೆ ಆರ್ಕೈವ್‌ನ ವಕೀಲರ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಪ್ರಬಂಧ ಬರೆದ ಟೆಕ್ ಮೂಲಫೈಲೇ ಸಿಗುತ್ತದಲ್ಲ, ಎರಡು ಆವೃತ್ತಿಗಳ ವ್ಯತ್ಯಾಸ ಗುರುತಿಸುವ ಲೇಟೆಕ್ಸ್‌ಡಿಫ್ ಓಡಿಸಿ.’ ಪಿಡಿಎಫ್ ಮಾತ್ರ ಕೊಟ್ಟವರ ಪ್ರಬಂಧಕ್ಕೆ ಏನು ಓಡಿಸೋಣ? ವಿಕಿಪೀಡಿಯದಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಹಳೆಯದು, ಹೊಸದು ಬಣ್ಣ ಹಚ್ಚಿಕೊಂಡು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಬರಿಯ ಪಠ್ಯಕ್ಕೆ ಅದು ಸುಲಭ, ಸಮೀಕರಣ ತುಂಬಿದ ಪಿಡಿಎಫ್‌ಗೆ ಕಷ್ಟ, ಒಪ್ಪೋಣ. ಆದರೆ ಓಲೆಗರಿಗಳಿಂದ ಪಂಪನನ್ನು ಸಂಪಾದಿಸಿದವರಿಗೆ ಯಾವ ಯಂತ್ರವಿತ್ತು? ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಅಚ್ಚು ಹಾಕಿಸಿದರು. ಪ್ರತಿಗಳೆಲ್ಲ ಭಂಡಾರದಲ್ಲಿವೆ, ಬೇಕಾದವರು ಹೋಗಿ ನೋಡಿಕೊಳ್ಳಿ ಎನ್ನಲಿಲ್ಲ.

ಇನ್ನು ಕೆಲವರದು ಬೇರೆ ವಾದ: ಕಾರಣ ಬರೆಯುವುದು ಲೇಖಕರಿಗೆ ಬಿಟ್ಟದ್ದು, ಭಂಡಾರ ಪೊಲೀಸನಾಗಬಾರದು. ಹಾಗಾದರೆ ಪ್ರಬಂಧ ಹಿಂತೆಗೆಯುವವರಿಂದ ಇದೇ ಭಂಡಾರ ಕಾರಣ ಬರೆಸಿಕೊಳ್ಳುವುದೇಕೆ? ಅಲ್ಲಿನ ಪದ್ಧತಿ ನಿಜಕ್ಕೂ ಮೆಚ್ಚುವಂಥದ್ದು: ಹಿಂತೆಗೆತವೂ ಒಂದು ಹೊಸ ಆವೃತ್ತಿಯಾಗಿ ದಾಖಲಾಗುತ್ತದೆ, ಹಳೆಯವು ಓದಲು ಸಿಗುತ್ತಲೇ ಇರುತ್ತವೆ. ಕೇಳಲು ಬರುತ್ತದೆ ಎಂದಾಯಿತು. ತಿದ್ದುವವರನ್ನು ಕೇಳಲು ಸಂಕೋಚ, ಅಷ್ಟೆ.

ಈ ಸಂಕೋಚದ ಬೆಲೆ ತೆರುವುದು ಉಲ್ಲೇಖಗಳು. ಆವೃತ್ತಿಯ ಸಂಖ್ಯೆಯಿಲ್ಲದ ಲಿಂಕ್ ಒತ್ತಿದರೆ ಯಾವಾಗಲೂ ಕೊನೆಯ ಆವೃತ್ತಿಯೇ ಸಿಗುತ್ತದೆ. ಆ ಸಂಖ್ಯೆ ಹಾಕುವ ತೊಂದರೆ ತೆಗೆದುಕೊಳ್ಳುವವರು ಕಡಿಮೆ. 2018ರಲ್ಲಿ ಒಬ್ಬರು ಆ ‘ಅಟೆನ್ಶನ್’ ಪ್ರಬಂಧದ ಒಂದು ಕೋಷ್ಟಕವನ್ನು ಪ್ರಶ್ನಿಸಿ ಹಾಗೆ ಲಿಂಕ್ ಕೊಟ್ಟಿದ್ದರೆ, ಇವತ್ತು ಅವರ ಮಾತನ್ನು ಪರೀಕ್ಷಿಸಲು ಹೊರಟವರ ಎದುರು ತೆರೆಯುವುದು ಅವರು ಕಂಡೇ ಇರದ 2023ರ ಫೈಲು.