ಒತ್ತಕ್ಷರಕ್ಕೆ ಜಾಗ ಬಿಟ್ಟವರು

ಕಬ್ಬು ಅರೆಯುವ ಹಂಗಾಮಿನಲ್ಲಿ ಸಮೀರವಾಡಿಯ ಗಾಳಿಯಲ್ಲೆಲ್ಲ ಕಾಕಂಬಿಯ ವಾಸನೆ. ಕಿಟಕಿ ತೆರೆದಿಟ್ಟು, ಕನ್ನಡ ಮೆನುಗಳಿರುವ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತಾಗೆಲ್ಲ ಆ ಮೆನು ಕಟ್ಟಿದವರ ಕೈಚಳಕಕ್ಕೆ ಮನಸೋಲುತ್ತೇನೆ.

‘ಮುದ್ರಿಸು’ ಎಂಬ ಸಾಲನ್ನೇ ನೋಡಿ. ದಕಾರಕ್ಕೆ ಮೇಲೆ ಗುಡಿಸು, ಕೆಳಗೆ ರಕಾರದ ಒತ್ತು. ಇಂಗ್ಲಿಷಿಗೆ ತಕ್ಕಂತೆ ಪಿಕ್ಸೆಲ್ ಲೆಕ್ಕದಲ್ಲಿ ಎತ್ತರ ಕಟ್ಟಿಹಾಕಿದರೆ ಒತ್ತು ಅರ್ಧಕ್ಕೇ ತುಂಡಾಗುತ್ತದೆ. ಮೆನು, ಬಟನ್ ಕಟ್ಟಿಕೊಡುವ ಜಿಟಿಕೆ ಎಂಬ ತಂತ್ರಾಂಶದಲ್ಲಿ ಹಾಗಲ್ಲ. ಹಾರ್ಫ್‌ಬಜ್ ಮೊದಲು ಅಕ್ಷರಗಳನ್ನು ಜೋಡಿಸುತ್ತದೆ, ಪ್ಯಾಂಗೊ ಆ ಸಾಲಿನ ಎತ್ತರ ಅಗಲ ಅಳೆಯುತ್ತದೆ, ಬಟನ್ನಿನ ಗಾತ್ರ ನಿರ್ಧಾರವಾಗುವುದು ಆಮೇಲೆ. ದರ್ಜಿ ಮೈಯಳತೆ ತೆಗೆದುಕೊಂಡೇ ಬಟ್ಟೆಗೆ ಕತ್ತರಿ ಹಾಕಿದ ಹಾಗೆ.

ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪಿನ ಹಳೆಯ ಮೆನುಗಳಲ್ಲಿ ‘ಕಡತ’ದ ಪಕ್ಕ ಕಂಸದೊಳಗೊಂದು ಇಂಗ್ಲಿಷ್ ಅಕ್ಷರ, ಅದರಡಿ ಗೆರೆ ಇರುತ್ತಿತ್ತು. ಆಲ್ಟ್ ಕೀಲಿಯ ಜೊತೆ ಒತ್ತಲು ಅನುವಾದಕರು ಮರೆಯದೆ ಉಳಿಸಿಕೊಟ್ಟದ್ದು.

ನನಗೆ ಎಲ್ಲಕ್ಕಿಂತ ಪ್ರೀತಿ ಲಿಬ್ರೆಆಫೀಸಿನ ಸ್ಟೇಟಸ್ ಬಾರ್. ‘ಸ್ತ್ರೀ’ ಎಂದು ಬರೆದು ಆಯ್ಕೆ ಮಾಡಿ. ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನ ಒಳಕಟ್ಟಿನಲ್ಲಿ 6 ಸಂಕೇತ: ಸ, ತ, ರ, ನಡುವೆ ಎರಡು ಹಲಂತ, ಕೊನೆಗೆ ಈಕಾರದ ಚಿಹ್ನೆ. ಕೆಳಗಿನ ಪಟ್ಟಿ ಎಣಿಸುವುದು ಆ ಸಂಕೇತಗಳನ್ನಲ್ಲ, ಕಣ್ಣಿಗೆ ಕಾಣುವ ಅಕ್ಷರಗಳನ್ನು. ಆಯ್ಕೆ ಹಿಗ್ಗಿಸಿದಂತೆ ಆ ಪಟ್ಟಿಯ ಅಂಕಿ ತಟ್ಟನೆ ಏರುವುದನ್ನು ನೋಡುವುದೇ ಒಂದು ಖುಷಿ.