ಸುಟ್ಟ ಮಣ್ಣಿನಿಂದ ಚಲಿಸುವ ಚಿತ್ರಕ್ಕೆ

ವಾಡಿಯ ಸಿಮೆಂಟ್ ಕಾರ್ಖಾನೆಯ ನೆರೆಯಲ್ಲೇ ಬದುಕುವ ರಾವೂರಿನವರಿಗೆ ಬೆಂಕಿ ಕಲ್ಲುಮಣ್ಣನ್ನು ಏನು ಮಾಡುತ್ತದೆಂದು ಹೇಳಿಕೊಡಬೇಕಿಲ್ಲ. ಸುಟ್ಟದ್ದು ಮತ್ತೆ ಹಸಿಮಣ್ಣಾಗದು. ಸಿನಿಮಾ ಹಾಗಲ್ಲ, ಅದನ್ನು ಕತ್ತರಿಸಿ ಮತ್ತೆ ಮತ್ತೆ ಜೋಡಿಸಬಹುದು. ಈ ಎರಡೂ ಮಾಧ್ಯಮಗಳಲ್ಲಿ ದುಡಿದ ನಮ್ಮ ಕಲಾವಿದೆ ಬೆಂಗಳೂರಿನ ಎನ್. ಪುಷ್ಪಮಾಲಾ.

1956ರಲ್ಲಿ ಹುಟ್ಟಿದ ಅವರು ಬರೋಡದಲ್ಲಿ ಶಿಲ್ಪಕಲೆ ಕಲಿತರು. 1980ರ ದಶಕದಲ್ಲಿ ಸುಟ್ಟ ಮಣ್ಣಿನಲ್ಲಿ ಎಳೆ ಹುಡುಗಿಯರನ್ನು ರೂಪಿಸಿ ಹೆಸರಾದರು. 1990ರ ದಶಕದ ನಡುವೆ ಕ್ಯಾಮೆರಾದ ಮುಂದೆ ತಾವೇ ವೇಷ ಹಾಕಿ ನಿಂತರು. ಶಿಲ್ಪ ಬಿಟ್ಟರೆಂದು ಹೇಳುವವರುಂಟು. ಆದರೆ ಅವರ ಚಿಂತೆಯೆಲ್ಲ ಅಚ್ಚಿನದೇ: ಮನುಷ್ಯರನ್ನು, ಅದರಲ್ಲೂ ಹೆಣ್ಣನ್ನು, ಯಾವ ಅಚ್ಚಿಗೆ ಒತ್ತಲಾಗುತ್ತದೆ?

2004ರ ಕಪ್ಪು-ಬಿಳುಪು ವಿಡಿಯೊ ಚಿತ್ರ ‘ರಾಷ್ಟ್ರೀಯ ಖೀರ್ ಅಂಡ್ ದೇಶೀಯ ಸಲಾಡ್’ ನೋಡಿ. ಸ್ವಾತಂತ್ರ್ಯಾನಂತರದ ಒಂದು ಮಾದರಿ ಕುಟುಂಬ. ಸೈನಿಕ ಗಂಡ, ಗರ್ಭಿಣಿ ಹೆಂಡತಿ, ಮಗ. ಹಳೆಯ ಟಿಪ್ಪಣಿ ಪುಸ್ತಕಗಳ ಅಡುಗೆ ವಿಧಾನವೂ ಯುದ್ಧದ ಪಾಠವೂ ಒಂದೇ ಸಮನೆ ಬರುತ್ತವೆ. ನಗು ಬರುತ್ತದೆ. ಪಾಯಸಕ್ಕೂ ‘ರಾಷ್ಟ್ರೀಯ’ ಎಂಬ ಮುದ್ರೆ ಬೇಕಾದ ಮೇಲೆ, ಆ ಮಾದರಿ ಮನೆಯಲ್ಲಿ ಜಾಗ ಸಿಗದವರು ಎಲ್ಲಿ ಕೂತು ಉಣ್ಣಬೇಕು? ಟೋಪಿ, ಬುರ್ಖಾ ಕಂಡೊಡನೆ ಆಳನ್ನು ಅಳೆದುಬಿಡುವ ಕಣ್ಣುಗಳನ್ನು ಬಲ್ಲ ನಮಗೆ ಈ ಪ್ರಶ್ನೆ ಹೊಸದಲ್ಲ.

ಕ್ಲೇರ್ ಆರ್ನಿಯವರೊಡನೆ 2000–2004ರಲ್ಲಿ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಛಾಯಾಚಿತ್ರ ಸರಣಿಯ ಬಗ್ಗೆ ನನ್ನ ತಕರಾರಿದೆ. ರವಿವರ್ಮನ ನಾಯಕಿ, ವಿಜಾಪುರದ ಆದಿಲಶಾಹಿ ಕಾಲದ ಚಿತ್ರದ ಯೋಗಿನಿ, ಬ್ರಿಟಿಷರ ಜನಾಂಗ ಅಧ್ಯಯನದ ಫೋಟೊದ ತೋಡ ಹೆಂಗಸು, ಪತ್ರಿಕೆಯಲ್ಲಿ ಬಂದ ‘ಕಳ್ಳಿ’, ಎಲ್ಲರೂ ಪುಷ್ಪಮಾಲಾರೇ. ಯೋಗಿನಿಯ ವೇಷದಲ್ಲಿ ತೊಂದರೆಯಿಲ್ಲ, ಆಕೆ ಮೊದಲೇ ಚಿತ್ರ. ಪೊಲೀಸರು ಹಿಡಿದು ನಿಲ್ಲಿಸಿದ ಹೆಂಗಸು ಹಾಗಲ್ಲ. ಕಲಾವಿದೆ ಚಿತ್ರ ಮುಗಿದೊಡನೆ ವೇಷ ಕಳಚುತ್ತಾರೆ. ಆ ಹೆಂಗಸಿಗೆ ‘ಕಳ್ಳಿ’ ಎಂಬುದು ಕಳಚಲಾಗದ ಹೆಸರು. ಈ ವ್ಯತ್ಯಾಸವನ್ನು ಸರಣಿಯ ಜಾಣತನ ಸಲೀಸಾಗಿ ದಾಟಿಬಿಡುತ್ತದೆ.

ಆ ಮಣ್ಣಿನ ಹುಡುಗಿಯರಿಗೆ ಈ ಸಲೀಸಿಲ್ಲ. ಅವರು ಬೆಂಕಿಯಿಂದ ಹೊರಬಂದವರು, ಇದ್ದಂತೆಯೇ ಇರಬೇಕಾದವರು. ಅವರನ್ನೂ ಖೀರಿನ ಚಿತ್ರವನ್ನೂ ಒಂದೇ ಕೋಣೆಯಲ್ಲಿ, ಬೆಂಗಳೂರಿನಲ್ಲಲ್ಲ, ಕಲಬುರಗಿಯಲ್ಲಿ ಯಾರಾದರೂ ತೋರಿಸಲಿ.